ಸಾಲಿನ ಕೊನೆಗೆ ನಿಂತ ಒಂದನೇ ಕ್ಲಾಸು

2021ರ ಅಕ್ಟೋಬರ್ 25, ಸೋಮವಾರ. ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಕ್ಕನ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ನಾನೇ ಬಿಡೋಕೆ ಹೋಗಿದ್ದೆ. ಗೇಟಿನ ಹತ್ತಿರ ಇಳಿದವಳು ಒಳಗೆ ಹೋಗದೆ ನಿಂತು ಕೇಳಿದಳು: "ಮಾವ, ನಾನು ಒಂದನೇ ಕ್ಲಾಸಿಗೆ ಹೋಗ್ಬೇಕಾ, ಎರಡನೇ ಕ್ಲಾಸಿಗಾ?"

ರಿಜಿಸ್ಟರಿನ ಪ್ರಕಾರ ಅವಳು ಎರಡನೇ ಕ್ಲಾಸು. ಆದರೆ ಒಂದನೇ ಕ್ಲಾಸಿನ ಕೋಣೆಯಲ್ಲಿ ಅವಳು ಒಂದು ದಿನವೂ ಕೂತಿರಲಿಲ್ಲ. ಲಾಕ್‌ಡೌನಿಗೆ ಮೊದಲೇ ಅಕ್ಕ ಕೊಂಡಿಟ್ಟಿದ್ದ ಬ್ಯಾಗಿನ ಪಟ್ಟಿ ಅಷ್ಟರಲ್ಲಿ ಗಿಡ್ಡವಾಗಿತ್ತು. ತನ್ನ ಹೆಸರು ಬರೆಯೋಕೆ ಬರುತ್ತಿತ್ತು, ಅದೂ ಚಿತ್ರ ಬಿಡಿಸಿದ ಹಾಗೆ. ಅದೇ ಅಕ್ಷರವನ್ನು ಬೇರೆ ಪದದಲ್ಲಿ ತೋರಿಸಿದರೆ ಗುರುತು ಹತ್ತುತ್ತಿರಲಿಲ್ಲ. 'ಎರಡನೇ ಕ್ಲಾಸಿಗೆ ಹೋಗು, ಮೇಷ್ಟ್ರು ಹೇಳ್ತಾರೆ' ಅಂದು ಕಳಿಸಿದೆ. ಆದರೆ ಅವಳ ಪ್ರಶ್ನೆ ನನ್ನ ಜೊತೆಗೇ ವಾಪಸ್ ಬಂತು.

ಕೋವಿಡ್ ಕಾಲದಲ್ಲಿ ಶಾಲೆ ತೆರೆಯಬೇಕಾ ಬೇಡವಾ ಅಂತ ಟಿವಿಯಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಜಗಳ ನೋಡಿದೆವು. ಇನ್ನೊಂದು ಪ್ರಶ್ನೆ ಅಷ್ಟು ಜೋರಾಗಿ ಕೇಳಿಸಲಿಲ್ಲ: ತೆರೆಯುವುದಾದರೆ ಯಾರಿಗೆ ಮೊದಲು? ಕರ್ನಾಟಕದಲ್ಲಿ 2020ರ ಮಾರ್ಚ್ ಮಧ್ಯದ ಹೊತ್ತಿಗೆ ಶಾಲೆಗಳೆಲ್ಲ ಮುಚ್ಚಿದವು. ಹತ್ತನೇ ಕ್ಲಾಸಿನವರು ಒಂಬತ್ತೂವರೆ ತಿಂಗಳಿಗೆ ತರಗತಿಗೆ ವಾಪಸ್ ಬಂದರು. ಒಂದರಿಂದ ಐದನೇ ಕ್ಲಾಸಿನವರು ಬಂದದ್ದು 19 ತಿಂಗಳು ಕಳೆದ ಮೇಲೆ. ಅಕ್ಷರ ಕಲಿಯಲು ಮೇಷ್ಟರ ಕೈ ಬೇಕೇ ಬೇಕು ಅನ್ನುವವರೇ ಸಾಲಿನ ಕೊನೆಗೆ ನಿಂತರು. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕೆಲವು ಹಳೆಯ ಕಥೆಗಳು, ಮತ್ತು ನನ್ನದೇ ಒಂದು ತಪ್ಪು, ಈ ಬರಹದಲ್ಲಿವೆ.

*

ಮೊದಲು ನನ್ನ ಅಹಂಕಾರದ ವಿಷಯ. ವರ್ಕ್ ಫ್ರಮ್ ಹೋಮ್ ಅಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಹೋದವನಿಗೆ, ಒಂದನೇ ಕ್ಲಾಸು ಏನು ಮಹಾ ಅನ್ನಿಸಿತ್ತು. ದಿನಕ್ಕೊಂದು ಗಂಟೆ, ಫೋನಿನಲ್ಲಿ ವಿಡಿಯೋ, ಒಂದು ಆ್ಯಪ್, ನಾನೇ ಮಾಡಿದ ಒಂದು ಎಕ್ಸೆಲ್ ಶೀಟು. ಮೂರು ತಿಂಗಳಲ್ಲಿ ವರ್ಣಮಾಲೆ ಮುಗಿಸುವ ಪ್ಲಾನು. ನೆಟ್‌ವರ್ಕ್ ಸಿಗುತ್ತಿದ್ದದ್ದು ಕೆರೆ ಏರಿ ಮೇಲೆ ಮಾತ್ರ. ಅಲ್ಲಿ ಹುಣಸೆ ಮರದ ಕೆಳಗೆ ನಾನು ಸ್ಟ್ಯಾಂಡಪ್ ಮೀಟಿಂಗು ಮುಗಿಸುವ ಹೊತ್ತಿಗೆ ಅವಳು ಫೋನಿನಲ್ಲಿ ಪಾಠ ಬಿಟ್ಟು ಬೆಕ್ಕಿನ ವಿಡಿಯೋಗೆ ಹೋಗಿರುತ್ತಿದ್ದಳು. ಎರಡನೇ ವಾರಕ್ಕೆ ಎಕ್ಸೆಲ್ ಶೀಟು ತೆಗೆಯೋದೇ ನಿಂತಿತು.

ಇದು ನನ್ನೊಬ್ಬನ ಪೆದ್ದುತನ ಅಂದುಕೊಂಡಿದ್ದೆ. ಆಮೇಲೆ 1937ರ ಶಿಕಾಗೋ ಕಥೆ ಓದಿದೆ.

ಆ ವರ್ಷ ಶಿಕಾಗೋದಲ್ಲಿ ಪೋಲಿಯೋ ಹರಡಿತು. ಆಗ ಲಸಿಕೆ ಇರಲಿಲ್ಲ. ಬೇಸಿಗೆ ರಜೆ ಮುಗಿದರೂ ಶಾಲೆ ತೆರೆಯೋದು ಮುಂದಕ್ಕೆ ಹೋಯಿತು. ಶಾಲೆಗಳ ಮುಖ್ಯಸ್ಥ ವಿಲಿಯಂ ಜಾನ್ಸನ್ ಒಂದು ಉಪಾಯ ಮಾಡಿದರು. ನಗರದ ರೇಡಿಯೋ ಸ್ಟೇಷನ್ನುಗಳು ಸಮಯ ಬಿಟ್ಟುಕೊಟ್ಟವು, 15 ನಿಮಿಷಕ್ಕೊಂದು ಪಾಠ. ಯಾವ ಪಾಠ ಎಷ್ಟು ಹೊತ್ತಿಗೆ, ಪ್ರಶ್ನೆಗಳೇನು ಅನ್ನೋದು ಅವತ್ತಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅನುಮಾನ ಬಂದರೆ ಫೋನ್ ಮಾಡಿ ಕೇಳೋಕೆ ಮೇಷ್ಟ್ರುಗಳನ್ನು ಕೂರಿಸಿದ್ದರು. ಸುಮಾರು 3 ಲಕ್ಷ 15 ಸಾವಿರ ಮಕ್ಕಳಿಗೆ ಈ ಏರ್ಪಾಡು. ನಮ್ಮ ಆನ್‌ಲೈನ್ ಕ್ಲಾಸಿನ ಅಜ್ಜ ಅನ್ನಬಹುದು.

ಅಲ್ಲಿಯೂ ಇದ್ದದ್ದು ನಮಗೆ ಗೊತ್ತಿರುವ ದೂರುಗಳೇ. ಮನೆಯಲ್ಲಿ ರೇಡಿಯೋ ಇಲ್ಲದವರು, ರೇಡಿಯೋ ಇದ್ದರೂ ಸರಿಯಾಗಿ ಕೇಳಿಸದವರು, ಪಾಠ ತುಂಬ ಸ್ಪೀಡು ಅಂತ ಕೈಬಿಟ್ಟವರು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಒಂದು ಸಣ್ಣ ವಿವರದ ಮೇಲೆ. ರೇಡಿಯೋ ಪಾಠ ಇದ್ದದ್ದು ಮೂರರಿಂದ ಎಂಟನೇ ತರಗತಿಯವರಿಗೆ. ಒಂದು ಮತ್ತು ಎರಡನೇ ತರಗತಿ ಆ ಪಟ್ಟಿಯಲ್ಲೇ ಇಲ್ಲ.

ಯೋಚಿಸಿದರೆ ಸಹಜವೇ. ಆರು ವರ್ಷದ ಮಗುವಿಗೆ ರೇಡಿಯೋ ಮುಂದೆ ಕೂತು 'ಅ' ಬರೆಯೋದನ್ನು ಹೇಗೆ ಕಲಿಸುತ್ತೀರಿ? ಪೆನ್ಸಿಲ್ ಹಿಡಿದ ಬೆರಳನ್ನು ಯಾರೋ ಹಿಡಿಯಬೇಕು, ತಿರುವು ತಪ್ಪಿದಾಗ ಅಲ್ಲೇ ತಿದ್ದಬೇಕು. ಶಿಕಾಗೋದಲ್ಲಿ ಇದರಿಂದ ದೊಡ್ಡ ನಷ್ಟ ಆಗಲಿಲ್ಲ, ಯಾಕೆಂದರೆ ಸುಮಾರು ಮೂರು ವಾರದಲ್ಲಿ ಶಾಲೆಗಳು ತೆರೆದವು. ನಮ್ಮಲ್ಲೂ 2020ರಲ್ಲಿ ಚಂದನ ವಾಹಿನಿಯ ಪಾಠಗಳು ಶುರುವಾದದ್ದು ಎಂಟರಿಂದ ಹತ್ತನೇ ತರಗತಿಗೆ. ದೂರದಿಂದ ಕಲಿಸುವ ಯಾವ ಯಂತ್ರ ಬಂದರೂ ಅದು ಮೊದಲು ಕೈಬಿಡೋದು ಚಿಕ್ಕವರನ್ನೇ. ಹಾಗಿದ್ದ ಮೇಲೆ ಶಾಲೆ ತೆರೆಯುವಾಗ ಮೊದಲು ಕರೆಯಬೇಕಾದದ್ದು ಯಾರನ್ನು?

*

'ಸುಲಭವಾಗಿ ಹೇಳ್ತೀಯ, ಮಕ್ಕಳ ಜೀವದ ಪ್ರಶ್ನೆ ಅಲ್ವಾ' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಒಂದೇ ನಗರ ಎರಡು ವರ್ಷದ ಅಂತರದಲ್ಲಿ ಎರಡು ಬೇರೆ ಉತ್ತರ ಕೊಟ್ಟಿದೆ.

1916ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಪೋಲಿಯೋ ಬಂತು. ಸುಮಾರು 9 ಸಾವಿರ ಜನಕ್ಕೆ ಕಾಯಿಲೆ, 2,400 ಸಾವು. ಸತ್ತವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು. ಆ ವರ್ಷ ಶಾಲೆಗಳನ್ನು ಸೆಪ್ಟೆಂಬರ್ ಕೊನೆಯ ವಾರದವರೆಗೆ ತೆರೆಯಲಿಲ್ಲ. ಕಾಯಿಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತಿದ್ದಾಗ ಅದು ನ್ಯಾಯವೇ.

1918ರ ಶರತ್ಕಾಲದಲ್ಲಿ ಬಂದದ್ದು ಇನ್‌ಫ್ಲುಯೆಂಜಾ. ಅಮೆರಿಕದ ಬಹುಪಾಲು ನಗರಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್ ಮುಚ್ಚಲಿಲ್ಲ. ಶಿಕಾಗೋ ಮತ್ತು ನ್ಯೂ ಹೇವನ್ ಕೂಡ ಮುಚ್ಚಲಿಲ್ಲ. ನ್ಯೂಯಾರ್ಕಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಅವರ ಲೆಕ್ಕಾಚಾರ ಹೀಗಿತ್ತು: ನಗರದಲ್ಲಿ ಸುಮಾರು 10 ಲಕ್ಷ ಶಾಲಾ ಮಕ್ಕಳಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಇರೋದು ಟೆನೆಮೆಂಟ್ ಅನ್ನುವ ಕಿಕ್ಕಿರಿದ ವಠಾರಗಳಲ್ಲಿ. ಗಾಳಿ ಬೆಳಕಿಲ್ಲದ ಕೋಣೆ, ಕೆಲಸಕ್ಕೆ ಹೋದ ಅಪ್ಪ ಅಮ್ಮ. ಶಾಲೆ ಮುಚ್ಚಿದರೆ ಈ ಮಕ್ಕಳು ಮನೆಯಲ್ಲಿ ಇರಲ್ಲ, ಬೀದಿಯಲ್ಲಿ ಇರುತ್ತಾರೆ, ಅಲ್ಲಿ ಅವರನ್ನು ನೋಡುವವರು ಯಾರೂ ಇಲ್ಲ. ಶಾಲೆಯಲ್ಲಾದರೆ ದೊಡ್ಡ ಕೋಣೆ, ಕಿಟಕಿ, ಮತ್ತು ದಿನಾ ಬೆಳಿಗ್ಗೆ ಪ್ರತಿ ಮಗುವಿನ ಮುಖ ನೋಡುವ ಒಬ್ಬರು.

ಆ ಕೊನೆಯ ಮಾತು ಬರೀ ಮಾತಲ್ಲ. ಬೆಳಿಗ್ಗೆ ಬಂದ ಮಕ್ಕಳು ಅಂಗಳದಲ್ಲಿ ಗುಂಪು ಕಟ್ಟದೆ ಸೀದಾ ತರಗತಿಗೆ ಹೋಗಬೇಕಿತ್ತು. ಶೀತ, ಜ್ವರ, ಕೆಮ್ಮಿನ ಲಕ್ಷಣ ಕಂಡವರನ್ನು ಬೇರೆ ಮಾಡಿ ಡಾಕ್ಟರು ಅಥವಾ ನರ್ಸು ನೋಡುತ್ತಿದ್ದರು. ಕಾಯಿಲೆ ಇದ್ದರೆ ಮಗುವನ್ನು ಮನೆಗೆ ಕಳಿಸಿ, ಅಲ್ಲಿ ನೋಡಿಕೊಳ್ಳುವ ಅನುಕೂಲ ಇದೆಯಾ ಅನ್ನೋದನ್ನೂ ವಿಚಾರಿಸುತ್ತಿದ್ದರು.

ಟೀಕೆ ಸಾಕಷ್ಟು ಬಂತು. ಕೊನೆಗೆ ನ್ಯೂಯಾರ್ಕಿನ ಸಾವಿನ ಪ್ರಮಾಣ ಸಾವಿರಕ್ಕೆ ಸುಮಾರು 4.7, ಬಾಸ್ಟನ್ನಿನಲ್ಲಿ 6.5, ಫಿಲಡೆಲ್ಫಿಯಾದಲ್ಲಿ 7.3. ಶಾಲೆ ತೆರೆದದ್ದರಿಂದಲೇ ಕಡಿಮೆಯಾಯಿತು ಅಂತ ನಾನು ಹೇಳಲ್ಲ. ಅಂಗಡಿ, ಫ್ಯಾಕ್ಟರಿ, ಥಿಯೇಟರುಗಳ ಸಮಯ ಬದಲಿಸಿದ್ದೂ ಸೇರಿ ಬೇರೆ ಕಾರಣಗಳಿದ್ದವು. ಜೊತೆಗೆ ಆ ಜ್ವರ ಹೆಚ್ಚು ಬಲಿ ತೆಗೆದುಕೊಂಡದ್ದು ಶಾಲಾ ಮಕ್ಕಳನ್ನಲ್ಲ, 20ರಿಂದ 40ರ ಪ್ರಾಯದವರನ್ನು. ಹೇಳಬಹುದಾದದ್ದು ಇಷ್ಟೇ: ಶಾಲೆ ತೆರೆದಿದ್ದರಿಂದ ಆ ನಗರ ಮುಳುಗಿಹೋಗಲಿಲ್ಲ.

ನಿಜವಾದ ಕಥೆ ಇರೋದು 1918ರಲ್ಲಿ ಅಲ್ಲ, ಅದಕ್ಕಿಂತ 16 ವರ್ಷ ಹಿಂದೆ. ಆಗ ನ್ಯೂಯಾರ್ಕಿನ ಶಾಲೆಗಳಿಗೆ ಡಾಕ್ಟರುಗಳು ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಿದ್ದರು. ಕಣ್ಣಿನ ಸೋಂಕು, ಹೇನು, ಹುಳುಕಡ್ಡಿ ಕಂಡರೆ ಮನೆಗೆ ಅಟ್ಟುತ್ತಿದ್ದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಔಷಧಿ ಹಾಕುವವರು ಯಾರೂ ಇಲ್ಲ. ಮನೆಗೆ ಕಳಿಸಿದ ಮಗು ಸಂಜೆ ಅದೇ ಗೆಳೆಯರ ಜೊತೆ ಬೀದಿಯಲ್ಲಿ ಆಡುತ್ತಿತ್ತು, ಶಾಲೆ ಮಾತ್ರ ತಪ್ಪುತ್ತಿತ್ತು. 1902ರ ಅಕ್ಟೋಬರಿನಲ್ಲಿ ಲಿಲಿಯನ್ ವಾಲ್ಡ್ ನಡೆಸುತ್ತಿದ್ದ ಹೆನ್ರಿ ಸ್ಟ್ರೀಟ್ ಸಂಸ್ಥೆಯಿಂದ ಲೀನಾ ರಾಜರ್ಸ್ ಅನ್ನುವ ನರ್ಸ್ ಒಬ್ಬರನ್ನು ಒಂದು ತಿಂಗಳ ಪ್ರಯೋಗಕ್ಕೆ ನಾಲ್ಕು ಶಾಲೆಗಳಿಗೆ ಹಾಕಿದರು. ಆಕೆ ಸಣ್ಣಪುಟ್ಟ ಕಾಯಿಲೆಗೆ ಶಾಲೆಯಲ್ಲೇ ಔಷಧಿ ಹಾಕಿದರು, ಬಾರದ ಮಕ್ಕಳ ಮನೆಗೆ ಹೋದರು, ತಾಯಂದಿರಿಗೆ ಹೇಳಿಕೊಟ್ಟರು. ನಗರ ಇನ್ನಷ್ಟು ನರ್ಸುಗಳನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗೆ ಕಳಿಸಿದ ಪ್ರಕರಣಗಳು 10,567. ಮರುವರ್ಷ ಅದೇ ತಿಂಗಳಲ್ಲಿ 1,101.

1908ರಲ್ಲಿ ನಗರ ಮಕ್ಕಳ ಆರೋಗ್ಯಕ್ಕೇ ಒಂದು ವಿಭಾಗ ತೆರೆದು ಡಾಕ್ಟರ್ ಜೋಸೆಫೀನ್ ಬೇಕರ್ ಅವರನ್ನು ಮುಖ್ಯಸ್ಥೆ ಮಾಡಿತು. 1918ರಲ್ಲಿ ಶಾಲೆ ಮುಚ್ಚಬೇಡಿ ಅಂತ ವಾದಿಸಿದವರಲ್ಲಿ ಆಕೆಯೂ ಒಬ್ಬರು. ಆಕೆಯ ಕೈಯಲ್ಲಿ ಆಗ ಹತ್ತು ವರ್ಷ ಕಟ್ಟಿದ ವ್ಯವಸ್ಥೆ ಇತ್ತು. ಕೋಪ್‌ಲ್ಯಾಂಡ್ ಧೈರ್ಯ ಮಾಡಿದರು ಅಂತ ಬರೆಯುತ್ತಾರೆ. ಆ ಧೈರ್ಯದ ಹಿಂದೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ನರ್ಸುಗಳಿದ್ದರು. ನಮ್ಮೂರಿನ ಶಾಲೆಗೆ 2020ರಲ್ಲಿ ಅಂಥ ನರ್ಸ್ ಇರಲಿಲ್ಲ. ಇದ್ದದ್ದು ಇಬ್ಬರು ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಮತ್ತೆ ಇಡೀ ಊರಿಗೆ ಒಬ್ಬ ಆಶಾ ಕಾರ್ಯಕರ್ತೆ.

*

ನರ್ಸ್ ಇಲ್ಲದಿದ್ದರೂ ನಮ್ಮಲ್ಲಿ ಒಂದು ಇತ್ತು, ಬಯಲು.

ಇದಕ್ಕೂ ಒಂದು ಹಳೆಯ ದಾರಿ ಇದೆ. 1904ರಲ್ಲಿ ಬರ್ಲಿನ್ ಪಕ್ಕದ ಶಾರ್ಲಾಟೆನ್‌ಬುರ್ಗ್‌ನಲ್ಲಿ, ಆರೋಗ್ಯ ಸರಿಯಿಲ್ಲದ ಮಕ್ಕಳಿಗಾಗಿ ಪೈನ್ ಕಾಡಿನಲ್ಲಿ ಶಾಲೆ ಶುರು ಮಾಡಿದರು. ಅದು ಕ್ಷಯದ ಕಾಲ. 1908ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ ಎಲೆನ್ ಸ್ಟೋನ್, ಮೇರಿ ಪ್ಯಾಕರ್ಡ್ ಅನ್ನುವ ಇಬ್ಬರು ವೈದ್ಯೆಯರು ಇದೇ ದಾರಿ ಹಿಡಿದರು. ಖಾಲಿ ಬಿದ್ದ ಒಂದು ಕಟ್ಟಡದಲ್ಲಿ ನೆಲದಿಂದ ಸೂರಿನವರೆಗೆ ದೊಡ್ಡ ಕಿಟಕಿಗಳನ್ನು ಇಡಿಸಿದರು. ಹಿಮ ಬೀಳುವ ಚಳಿಗಾಲದಲ್ಲೂ ಅವು ತೆರೆದೇ ಇರುತ್ತಿದ್ದವು. ಮಕ್ಕಳು ದಪ್ಪ ಚೀಲದೊಳಗೆ ಕಾಲು ಇಳಿಬಿಟ್ಟು, ಪಾದದ ಹತ್ತಿರ ಬಿಸಿ ಮಾಡಿದ ಕಲ್ಲು ಇಟ್ಟುಕೊಂಡು ಪಾಠ ಕೇಳುತ್ತಿದ್ದರು. ಎರಡೇ ವರ್ಷದಲ್ಲಿ ಅಮೆರಿಕದಲ್ಲಿ ಇಂಥ 65 ಶಾಲೆಗಳು ಆದವು.

ನಮಗೆ ಹಿಮವೂ ಇಲ್ಲ, ಚೀಲವೂ ಬೇಡ. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನ, ತೆಂಗಿನ ತೋಟ, ಎಲ್ಲ ಇದೆ. 2020ರ ಆಗಸ್ಟಿನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಇದನ್ನೇ ಉಪಯೋಗಿಸಿಕೊಂಡು 'ವಿದ್ಯಾಗಮ' ಶುರು ಮಾಡಿತು. ಮಕ್ಕಳು ಶಾಲೆಗೆ ಬರೋದು ಬೇಡ, ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಲಿ. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕ. ಯಾರ ಮನೆಯಲ್ಲಿ ಫೋನಿಲ್ಲ, ಯಾರ ಬಳಿ ಬರೀ ಮಾತಾಡುವ ಫೋನಿದೆ, ಯಾರ ಬಳಿ ಸ್ಮಾರ್ಟ್‌ಫೋನಿದೆ ಅಂತ ಪಟ್ಟಿ ಮಾಡಿ ಅದಕ್ಕೆ ತಕ್ಕಂತೆ ಪಾಠ. ಬೆಂಗಳೂರಿನಲ್ಲಿ ಆನ್‌ಲೈನ್ ಕ್ಲಾಸು ಎಷ್ಟು ಗಂಟೆ ಇರಬೇಕು ಅಂತ ಪೋಷಕರು, ಶಾಲೆಗಳು, ಕೋರ್ಟು ಚರ್ಚೆ ಮಾಡುತ್ತಿದ್ದಾಗ, ಫೋನೇ ಇಲ್ಲದ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ ಇದು. ದೇಶದ ಆ ಹೊತ್ತಿನ ಒಳ್ಳೆಯ ಪ್ರಯತ್ನಗಳಲ್ಲಿ ಒಂದು ಅಂತ ಈಗಲೂ ನನಗನ್ನಿಸುತ್ತದೆ.

ನಮ್ಮೂರಲ್ಲಿ ಅದು ನಡೆದದ್ದು ನಮ್ಮನೆ ಪಕ್ಕದ ದೇವಸ್ಥಾನದ ಜಗಲಿಯಲ್ಲಿ. ಮೇಷ್ಟ್ರು ಪಕ್ಕದೂರಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಗೋಡೆಗೆ ಒರಗಿಸಿದ ಕಪ್ಪು ಹಲಗೆ, ಕಂಬಕ್ಕೊಬ್ಬರಂತೆ ಕೂತ ಮಕ್ಕಳು. ನನ್ನ ಎಕ್ಸೆಲ್ ಶೀಟು ಎರಡು ತಿಂಗಳಲ್ಲಿ ಮಾಡದ ಕೆಲಸವನ್ನು ಅವರು ಎರಡು ವಾರದಲ್ಲಿ ಮಾಡಿದರು. ನಮ್ಮ ಹುಡುಗಿ 'ರ' ಮತ್ತು 'ಗ' ಬೇರೆ ಬೇರೆ ಅಂತ ನಮಗೇ ಪಾಠ ಮಾಡತೊಡಗಿದಳು.

ಸೆಪ್ಟೆಂಬರಿನಲ್ಲಿ ಕೇಸುಗಳು ಏರಿದವು. ಅಪ್ಪನಿಗೆ ಶುಗರು, ಹೃದಯದ ತೊಂದರೆ. ಅಕ್ಕನ ಮಗಳು ಜಗಲಿಯಿಂದ ಬಂದವಳೇ ತಾತನ ತೊಡೆ ಮೇಲೆ ಕೂರುತ್ತಿದ್ದಳು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಕ್ಟೋಬರ್ ಮೊದಲ ವಾರ ಒಂದು ಬೆಳಿಗ್ಗೆ, ಊರಿನ ಇನ್ನೂ ನಾಲ್ಕು ಜನರ ಜೊತೆ ಹೋಗಿ ಮೇಷ್ಟ್ರಿಗೆ ಹೇಳಿದೆ: "ಸರ್, ಸ್ವಲ್ಪ ದಿನ ನಿಲ್ಲಿಸಿಬಿಡಿ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಓದಿದವನು, ಬೆಂಗಳೂರಿನವನು ಅಂತ ನನ್ನ ಮಾತಿಗೆ ಬೆಲೆ ಜಾಸ್ತಿ. ಅವರು ವಾದ ಮಾಡಲಿಲ್ಲ. ಹಲಗೆ ಎತ್ತಿ ದೇವಸ್ಥಾನದ ಒಳಗಿಟ್ಟು ಹೋದರು.

ಕೆಲವೇ ದಿನಕ್ಕೆ, ಅಕ್ಟೋಬರ್ 10ರಂದು, ಸರ್ಕಾರವೂ ರಾಜ್ಯದಾದ್ಯಂತ ವಿದ್ಯಾಗಮವನ್ನು ನಿಲ್ಲಿಸಿತು. ಮಕ್ಕಳಿಗೆ ಸೋಂಕು ತಗುಲಿದ, ಶಿಕ್ಷಕರು ತೀರಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅವು ಸುಳ್ಳು ಸುದ್ದಿಗಳಲ್ಲ, ಆ ಶಿಕ್ಷಕರ ಮನೆಯವರ ನೋವು ಸಣ್ಣದಲ್ಲ. ಭಯ ಪಟ್ಟಿದ್ದು ತಪ್ಪು ಅಂತ ನನಗೆ ಇವತ್ತೂ ಅನ್ನಿಸಿಲ್ಲ.

ನನ್ನ ತಪ್ಪು ಬೇರೆ ಕಡೆ ಇದೆ. ಅದೇ ಅಕ್ಟೋಬರಿನಲ್ಲಿ ಅಪ್ಪ ವಾರವಾರ ಸಂತೆಗೆ ಹೋಗುತ್ತಿದ್ದರು, ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ತಿಂಗಳ ಕೊನೆಗೆ ನೆಂಟರ ಮದುವೆಗೆ ಇಡೀ ಮನೆ ಹೋಯಿತು, ಛತ್ರದೊಳಗೆ ಮುನ್ನೂರು ಜನ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರೆ, ಬಯಲು ಜಗಲಿಯಲ್ಲಿ ಕೂತ ಹದಿನೆಂಟು ಮಕ್ಕಳು ಕೊನೆಗೆ ನಿಲ್ಲಿಸಬೇಕಾದ ಗುಂಪು. ನಾನು ಅದನ್ನೇ ಮೊದಲು ನಿಲ್ಲಿಸಿದೆ, ಯಾಕೆಂದರೆ ಅದನ್ನು ನಿಲ್ಲಿಸುವುದು ಸುಲಭ ಇತ್ತು. ಸಂತೆಯವನು ಜಗಳ ಮಾಡುತ್ತಾನೆ, ಮದುವೆ ಮನೆಯವರು ಮುನಿಸಿಕೊಳ್ಳುತ್ತಾರೆ. ಆರು ವರ್ಷದ ಮಗು ಏನೂ ಅನ್ನಲ್ಲ.

*

ಇನ್ನು ರಾಜ್ಯದ ಕ್ಯಾಲೆಂಡರನ್ನು ಒಂದು ಸಲ ನೋಡೋಣ.

2020ರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಪಕ್ಕದ ತಮಿಳುನಾಡು, ತೆಲಂಗಾಣ ಪರೀಕ್ಷೆ ರದ್ದು ಮಾಡಿದ್ದವು. ಕರ್ನಾಟಕ ಸುಮಾರು ಎಂಟೂವರೆ ಲಕ್ಷ ಮಕ್ಕಳಿಗೆ ಮಾಸ್ಕು, ಸ್ಯಾನಿಟೈಸರು, ಥರ್ಮಲ್ ಸ್ಕ್ಯಾನಿಂಗು, ದೂರ ದೂರ ಬೆಂಚು ಅಂತ ಏರ್ಪಾಡು ಮಾಡಿ ಮುಗಿಸಿತು. ಅಂದರೆ ಮನಸ್ಸು ಮಾಡಿದರೆ ನಮಗೆ ಆಗುತ್ತದೆ. 2021ರ ಜನವರಿ 1ಕ್ಕೆ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಶುರು. ಅದೇ ದಿನ ಆರರಿಂದ ಒಂಬತ್ತನೇ ತರಗತಿಗೆ ಶಾಲೆಯ ಆವರಣದಲ್ಲಿ ವಿದ್ಯಾಗಮ ಮತ್ತೆ ಬಂತು. ಫೆಬ್ರವರಿ 1ಕ್ಕೆ ಒಂಬತ್ತು ಮತ್ತು ಪ್ರಥಮ ಪಿಯುಸಿಗೆ ಪೂರ್ತಿ ತರಗತಿ. ಫೆಬ್ರವರಿ ಕೊನೆಗೆ ರಾಜ್ಯದ ಹೆಚ್ಚಿನ ಕಡೆ ಆರರಿಂದ ಎಂಟು. ಒಂದರಿಂದ ಐದರ ಸರದಿ ಬರುವಷ್ಟರಲ್ಲಿ ಎರಡನೇ ಅಲೆ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50 ಸಾವಿರ ದಾಟಿದ ಕೇಸು. ಆ ತಿಂಗಳನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಆಗ ಬೆಡ್ಡಿಗೆ, ಆಕ್ಸಿಜನ್ನಿಗೆ ಫೋನು ತಿರುಗಿಸಿದವರೇ.

ಆಮೇಲೆ ಮತ್ತದೇ ಸಾಲು. ಆಗಸ್ಟ್ 23ಕ್ಕೆ, ಸೋಂಕು ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ದ್ವಿತೀಯ ಪಿಯುಸಿ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಎಲ್‌ಕೆಜಿ, ಯುಕೆಜಿ ಅದಕ್ಕೂ ಆಮೇಲೆ, ನವೆಂಬರಿನಲ್ಲಿ.

ಈ ಸಾಲನ್ನು ತಿರುವಿಹಾಕಬಹುದು ಅನ್ನೋದು ಆಗಲೇ ಗೊತ್ತಿತ್ತು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಿಶುವಿಹಾರ ಮತ್ತು ಐದನೇ ತರಗತಿವರೆಗಿನ ಮಕ್ಕಳನ್ನು ಮೊದಲು ಕರೆಯಿತು. ಸಣ್ಣ ಸಣ್ಣ ಗುಂಪು, ಬೆಂಚುಗಳ ನಡುವೆ ಅಂತರ, ಪದೇ ಪದೇ ಕೈ ತೊಳೆಯೋದು, ಆದಷ್ಟು ಪಾಠ ಹೊರಗಡೆ. ದೊಡ್ಡ ಮಕ್ಕಳು ಬಂದದ್ದು ಮೇ ಮಧ್ಯದಲ್ಲಿ. ಡೆನ್ಮಾರ್ಕ್ ಚಿಕ್ಕ ಶ್ರೀಮಂತ ದೇಶ, ಅದನ್ನು ನಮ್ಮ ಮೇಲೆ ಹೇರಬೇಡ ಅಂದರೆ ಒಪ್ಪುತ್ತೇನೆ. ಆದರೆ 2021ರ ಜುಲೈನಲ್ಲಿ ನಮ್ಮದೇ ಐಸಿಎಂಆರ್ ಮುಖ್ಯಸ್ಥ ಬಲರಾಂ ಭಾರ್ಗವ ಅವರು, ಶಾಲೆ ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದ ಶುರು ಮಾಡುವುದು ಜಾಣತನ ಅನ್ನುವ ಅರ್ಥದ ಮಾತನ್ನು ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ಚಿಕ್ಕ ಮಕ್ಕಳು ಈ ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ ಅನ್ನುವುದು ಕಾರಣ. ಆಗಷ್ಟೇ ಮುಗಿದಿದ್ದ ದೇಶವ್ಯಾಪಿ ರಕ್ತ ಪರೀಕ್ಷೆಯ ಸಮೀಕ್ಷೆಯಲ್ಲಿ, ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 57.2ರಷ್ಟು ಮಂದಿಯಲ್ಲಿ ಪ್ರತಿಕಾಯ ಸಿಕ್ಕಿತ್ತು. ಶಾಲೆಯ ಮುಖ ನೋಡದೆಯೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು.

ಆದರೂ ನಾವು ಮೇಲಿನಿಂದಲೇ ಶುರು ಮಾಡಿದೆವು. ಮೂರನೇ ಅಲೆ ಮಕ್ಕಳಿಗೇ ಬರುತ್ತೆ ಅನ್ನುವ ಭಯ ಒಂದು ಕಾರಣ. ಚಿಕ್ಕವರು ಮಾಸ್ಕು ಹಾಕಿಕೊಳ್ಳಲ್ಲ, ದೂರ ಕೂರಲ್ಲ ಅನ್ನೋದು ಇನ್ನೊಂದು. ಇವುಗಳ ಕೆಳಗೆ ಮೂರನೆಯ ಕಾರಣವೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಇದೆ, ಒಂದನೇ ಕ್ಲಾಸಿಗೆ ಇಲ್ಲ. ನಮ್ಮ ಮನಸ್ಸಿನಲ್ಲಿ ಶಾಲೆ ಅಂದರೆ ಪರೀಕ್ಷೆ. ಪರೀಕ್ಷೆ ಇಲ್ಲದ ಕ್ಲಾಸಿಗೆ ಯಾವ ಅವಸರ? 'ಒಂದನೇ ಕ್ಲಾಸು ತಾನೇ, ಪಾಸು ಮಾಡ್ತಾರೆ ಬಿಡು' ಅಂತ ನಮ್ಮನೆಯಲ್ಲೇ ಎಷ್ಟು ಸಲ ಅಂದಿದ್ದೇವೋ.

ನಮ್ಮ ಕೆಲಸದಲ್ಲಿ ಹೊಸ ವರ್ಷನ್ ಬಿಡುವಾಗ ಎರಡು ಪ್ರಶ್ನೆ ಕೇಳುತ್ತೇವೆ: ಎಲ್ಲಿ ರಿಸ್ಕ್ ಕಡಿಮೆ, ಎಲ್ಲಿ ಬಿಡದಿದ್ದರೆ ನಷ್ಟ ಜಾಸ್ತಿ? 2021ರ ಜುಲೈ ಹೊತ್ತಿಗೆ ಎರಡಕ್ಕೂ ಉತ್ತರ ಒಂದೇ ಇತ್ತು, ಚಿಕ್ಕ ಮಕ್ಕಳು. ಹತ್ತನೇ ಕ್ಲಾಸಿನ ಹುಡುಗ ಓದಲು ಬಲ್ಲ, ಗೈಡಾದರೂ ತಿರುವಿಹಾಕುತ್ತಾನೆ. ಓದೋದನ್ನೇ ಕಲಿಯದವಳಿಗೆ ಮನೆಯಲ್ಲಿ ಪುಸ್ತಕವಿದ್ದು ಏನು ಬಂತು?

ನಷ್ಟ ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. 2021ರ ಮಾರ್ಚಿನಲ್ಲಿ 'ಅಸರ್' ತಂಡ ಗ್ರಾಮೀಣ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 19.2 ಇದ್ದರು, ಈಗ ಶೇ. 9.8. ಒಂದನೇ ತರಗತಿಯವರಲ್ಲಿ ಅಕ್ಷರವನ್ನೇ ಗುರುತಿಸಲಾಗದವರು ಶೇ. 40.3ರಿಂದ 56.8ಕ್ಕೆ ಏರಿದ್ದರು. ಆ ಶೇಕಡಾವಾರಿನಲ್ಲಿ ನಮ್ಮನೆ ಹುಡುಗಿಯಂಥವರೇ ಇದ್ದಾರೆ. ಮೊದಲ ಅಂಕಿಯನ್ನೂ ಗಮನಿಸಿ. ಕೋವಿಡ್‌ಗೆ ಮೊದಲೂ ಐದರಲ್ಲಿ ಒಬ್ಬರಿಗಷ್ಟೇ ಓದೋಕೆ ಬರುತ್ತಿತ್ತು. ರೋಗ ಹೊಸ ಬಿರುಕು ಮಾಡಲಿಲ್ಲ, ಇದ್ದದ್ದನ್ನೇ ಅಗಲ ಮಾಡಿತು.

*

2022ರ ಮೇ 16ಕ್ಕೆ ಶಾಲೆಗಳು ಬೇಗ ಶುರುವಾದವು. ಮೊದಲ ಎರಡು ವಾರ 'ಮಳೆಬಿಲ್ಲು' ಅಂತ ಆಟ, ಹಾಡು. ಆಮೇಲೆ ವರ್ಷವಿಡೀ 'ಕಲಿಕಾ ಚೇತರಿಕೆ', ಹಿಂದಿನ ಎರಡು ವರ್ಷ ತಪ್ಪಿದ್ದನ್ನು ಹಿಂದಕ್ಕೆ ಹೋಗಿ ಕಲಿಸುವ ಕಾರ್ಯಕ್ರಮ. ಒಳ್ಳೆಯ ಹೆಜ್ಜೆ. ಆದರೆ ಹಾಳೆಗಳಲ್ಲಿದ್ದ ಚೇತರಿಕೆಯನ್ನು ಮಕ್ಕಳ ಕೈಗೆ ತಲುಪಿಸಬೇಕಾದವರು ಅದೇ ಇಬ್ಬರು ಮೇಷ್ಟ್ರು, ಐದು ತರಗತಿಗೆ.

ಹೋದ ತಿಂಗಳು ಊರಿಗೆ ಹೋದಾಗ ಶಾಲೆಗೂ ಹೋಗಿದ್ದೆ. ಆ ಮೇಷ್ಟ್ರು ಇನ್ನೂ ಇದ್ದಾರೆ. ಕಾಫಿ ಕುಡಿಯುತ್ತಾ, ಅವತ್ತು ಜಗಲಿ ಪಾಠ ನಿಲ್ಲಿಸಿ ಅಂದದ್ದಕ್ಕೆ ಬೇಜಾರಾಗಿತ್ತಾ ಅಂತ ಕೇಳಿದೆ. "ನಂಗೂ ಭಯ ಇತ್ತು ಸರ್, ನಮ್ಮ ಮನೇಲೂ ವಯಸ್ಸಾದೋರಿದ್ರು," ಅಂದರು. "ನಿಲ್ಲಿಸಿ ಅನ್ನೋಕೆ ಐದು ಜನ ಬಂದ್ರಿ. ಮತ್ತೆ ಶುರು ಮಾಡಿ ಅಂತ ಕೇಳೋಕೆ ಒಬ್ರೂ ಬರ್ಲಿಲ್ಲ, ಅದೇ ಬೇಜಾರು."

ಅದು ನಿಜ. ನವೆಂಬರಿನಲ್ಲಿ ಕೇಸು ಇಳಿದಿತ್ತು, ಸಂತೆ ತುಂಬಿತ್ತು, ನಾನು ಕೆರೆ ಏರಿ ಮೇಲೆ ಮೀಟಿಂಗಿನಲ್ಲಿದ್ದೆ. ಜಗಲಿಯಲ್ಲಿ ಕೂತಿದ್ದ ಹದಿನೆಂಟು ಮಕ್ಕಳ ಪರವಾಗಿ ಒಂದು ಅರ್ಜಿ ಬರೆಯೋದು ನನ್ನ ತಲೆಗೇ ಬರಲಿಲ್ಲ. ಮೇಲಿನ ಕ್ಲಾಸಿನವರಿಗೆ ಪರೀಕ್ಷೆ ಅನ್ನುವ ವಕೀಲ ಇದ್ದ. ಚಿಕ್ಕವರಿಗೆ ನಾವೇ ಆಗಬೇಕಿತ್ತು.

ಮುಂದೆ ಇನ್ನೊಂದು ರೋಗ ಬರಬಹುದು. ಅದು 1916ರ ಪೋಲಿಯೋ ಥರ ಮಕ್ಕಳನ್ನೇ ಹಿಡಿಯುವಂಥದ್ದಾದರೆ ಮುಚ್ಚಲೇಬೇಕಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹಾಗಲ್ಲದಿದ್ದರೆ ಯಾರಿಗೆ ಮೊದಲು ಬಾಗಿಲು ತೆರೆಯಬೇಕು ಅನ್ನೋದನ್ನು ಈಗಲೇ ಮಾತಾಡಿಕೊಳ್ಳಬಹುದು. ಶಾಲೆಯ ಮುರಿದ ಕಿಟಕಿ ಈಗಲೇ ಸರಿ ಮಾಡಿಸಬಹುದು, ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ನರ್ಸನ್ನು ಈಗಲೇ ಕೇಳಬಹುದು. ನ್ಯೂಯಾರ್ಕಿನವರು 16 ವರ್ಷ ಮುಂಚೆ ಶುರು ಮಾಡಿದ್ದರು.

ನಮ್ಮ ಹುಡುಗಿ ಈಗ ನಾಲ್ಕನೇ ಕ್ಲಾಸು. ಓದುತ್ತಾಳೆ, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು. ಒತ್ತಕ್ಷರ ಬಂದಾಗ ನಿಂತು ನನ್ನ ಮುಖ ನೋಡುತ್ತಾಳೆ. ಮೊನ್ನೆ ಬಸ್ಸಿನ ಬೋರ್ಡಿನಲ್ಲಿ 'ಚಿಕ್ಕನಾಯಕನಹಳ್ಳಿ' ಅಂತ ಪೂರ್ತಿ ಓದೋದರೊಳಗೆ ಬಸ್ಸು ಹೊರಟುಹೋಯಿತು. ಇನ್ನೊಂದು ಬಸ್ಸಿಗೆ ಕಾಯ್ತೀವಿ ಅಂದೆ. ಅವಳೇನೂ ಅನ್ನಲಿಲ್ಲ.